ಪದಚರ್ಚೆ: ಟಿವಿ ಶೆಡ್ಯೂಲಿಂಗ್‌ಗೆ ವೇಳಾಪಟ್ಟಿ ಸಾಕಾ? (ಜೊತೆಗೆ ಜೋಲಿ, ಅಡ್ಡಗಾಲು, ಜಲಾನಯನ)

ಎಲ್ಲರಿಗೂ ನಮಸ್ಕಾರ.

ಪತ್ರಿಕೋದ್ಯಮ ಓದುವ ಪದವಿ ವಿದ್ಯಾರ್ಥಿಗಳಿಗೆ ಬ್ರಿಟನ್ನಿನ ಟಿವಿ ವಾಹಿನಿಗಳ ಪೈಪೋಟಿ ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. ಕತೆ ಸಲೀಸಾಗಿ ಸಾಗುತ್ತಿದೆ, ಪದಗಳು ಕೈಕೊಡುತ್ತಿವೆ. ಮೊದಲ ತೊಡಕು ಶೆಡ್ಯೂಲಿಂಗ್ ಅನ್ನುವುದೇ.

ನಿಘಂಟು ತೆಗೆದರೆ ಅನುಸೂಚಿ, ವೇಳಾಪಟ್ಟಿ ಸಿಗುತ್ತವೆ. ಅನುಸೂಚಿ ಸಂವಿಧಾನಕ್ಕೆ ಅಂಟಿಕೊಂಡುಬಿಟ್ಟಿದೆ, ಅದನ್ನು ಅಲ್ಲೇ ಬಿಡೋಣ. ವೇಳಾಪಟ್ಟಿ ಎಲ್ಲರಿಗೂ ಗೊತ್ತಿರುವ ಪದ, ಬಸ್ಸಿಗೂ ಪರೀಕ್ಷೆಗೂ ನಡೆಯುತ್ತದೆ. ತೊಂದರೆ ಏನಂದರೆ, ಅದು ಕೆಲಸ ಮುಗಿದ ಮೇಲೆ ಸಿಗುವ ಕಾಗದದ ಹೆಸರು. ನನಗೆ ಬೇಕಿರುವುದು ಆ ಕೆಲಸದ ಹೆಸರು. ಎದುರಾಳಿ ಏನು ಹಾಕಬಹುದು ಅಂತ ಊಹಿಸಿ, ನಮ್ಮದನ್ನು ಯಾವ ದಿನ, ಎಷ್ಟು ಗಂಟೆಗೆ, ಯಾವುದರ ಬೆನ್ನಿಗೆ ಇಟ್ಟರೆ ಜನ ನಮ್ಮ ಕಡೆ ಬರುತ್ತಾರೆ ಅಂತ ಲೆಕ್ಕ ಹಾಕುವ ಕೆಲಸ. ಇದರಲ್ಲಿ ಜಗಳ ಇದೆ. ವೇಳಾಪಟ್ಟಿಯಲ್ಲಿ ಜಗಳ ಇಲ್ಲ.

ಒಂದು ಸಂಜೆಯ ಕತೆ ಹೇಳಿದರೆ ಗೊತ್ತಾಗುತ್ತದೆ. 1955ರ ಸೆಪ್ಟೆಂಬರ್ 22. ಅಲ್ಲಿಯವರೆಗೆ ಬ್ರಿಟನ್ನಿನಲ್ಲಿ ಟಿವಿ ಅಂದರೆ ಬಿಬಿಸಿ ಒಂದೇ. ಆ ಸಂಜೆ ಲಂಡನ್ನಿನಲ್ಲಿ ಐಟಿವಿ ಶುರುವಾಯಿತು, ಜಾಹೀರಾತಿನ ದುಡ್ಡಿನಿಂದ ನಡೆಯುವ ಮೊದಲ ವಾಹಿನಿ. ಬಿಬಿಸಿ ಏನು ಮಾಡಿತು ನೋಡಿ. ತನ್ನ ರೇಡಿಯೊ ಧಾರಾವಾಹಿ 'ದಿ ಆರ್ಚರ್ಸ್'ನಲ್ಲಿ ಹೊಸದಾಗಿ ಮದುವೆಯಾಗಿದ್ದ ಗ್ರೇಸ್ ಅನ್ನುವ ಪಾತ್ರವನ್ನು ಅದೇ ಸಂಜೆ ಸಾಯಿಸಿತು. ಲಾಯಕ್ಕೆ ಬೆಂಕಿ ಬಿದ್ದಿರುತ್ತದೆ, ಕುದುರೆಯನ್ನು ಉಳಿಸಲು ಹೋದವಳು ಸಾಯುತ್ತಾಳೆ. ಕೇಳುಗರು ಗೊಳೋ ಅಂದರು. ಮರುದಿನ ಜನ ಮಾತಾಡಿದ್ದು ಹೊಸ ವಾಹಿನಿ ಬಗ್ಗೆ ಅಲ್ಲ, ಗ್ರೇಸ್ ಬಗ್ಗೆ.

ಇಂಥದಕ್ಕೆ ಅಲ್ಲಿ ಸ್ಪಾಯ್ಲರ್ ಅನ್ನುತ್ತಾರೆ. ಆ ಪದವನ್ನು ಹಾಗೇ ತರೋಣ ಅಂದರೆ ನಮ್ಮ ಹುಡುಗರಿಗೆ ಸ್ಪಾಯ್ಲರ್ ಅಂದರೆ ಸಿನಿಮಾದ ಕೊನೆ ಮೊದಲೇ ಬಾಯಿಬಿಡುವುದು. ನಾನು 'ಅಡ್ಡಗಾಲು' ಅಂತ ಬರೆದಿದ್ದೇನೆ. ಬಿಬಿಸಿ ಐಟಿವಿಗೆ ಅಡ್ಡಗಾಲು ಹಾಕಿತು, ಇದು ಅಡ್ಡಗಾಲು ಕಾರ್ಯಕ್ರಮ. ಇದಕ್ಕೆ ಯಾರದ್ದೂ ತಕರಾರು ಇರಲಾರದು ಅಂದುಕೊಂಡಿದ್ದೇನೆ.

ಇಲ್ಲೊಂದು ಪ್ರಶ್ನೆ ವಿದ್ಯಾರ್ಥಿಗಳು ಖಂಡಿತ ಕೇಳುತ್ತಾರೆ. ಐಟಿವಿಗೆ ನೋಡುಗರು ಬೇಕು, ಸರಿ, ಅವರನ್ನು ತೋರಿಸಿ ಜಾಹೀರಾತು ಮಾರಬೇಕು. ಬಿಬಿಸಿಗೆ ಯಾಕೆ? ಅದಕ್ಕೆ ಮನೆ ಮನೆಯಿಂದ ಲೈಸೆನ್ಸ್ ಶುಲ್ಕ ಬರುತ್ತದಲ್ಲ. ಉತ್ತರ ಆ ಶುಲ್ಕದಲ್ಲೇ ಇದೆ. ಯಾರೂ ನೋಡದ ವಾಹಿನಿಗೆ ಎಲ್ಲರೂ ಯಾಕೆ ದುಡ್ಡು ಕೊಡಬೇಕು ಅಂತ ಸಂಸತ್ತಿನಲ್ಲಿ ಯಾರಾದರೂ ಕೇಳಿದರೆ ಮುಗಿಯಿತು. ಬರೀ ಜನ ನೋಡುವುದನ್ನೇ ಹಾಕುತ್ತಾ ಹೋದರೆ, ಅದಕ್ಕೆ ಐಟಿವಿ ಇದೆಯಲ್ಲ ಅನ್ನುತ್ತಾರೆ. ಈ ಇಕ್ಕಟ್ಟಿನಿಂದಲೇ ಅಲ್ಲಿ ಶೆಡ್ಯೂಲಿಂಗ್ ಇಷ್ಟು ಚುರುಕಾಗಿ ಬೆಳೆಯಿತು ಅಂತ ನನ್ನ ಅನಿಸಿಕೆ.

ಈಗ ಪದಕ್ಕೆ ಬರುತ್ತೇನೆ. ನನಗೆ ಹಿಡಿಸಿದ್ದು 'ಹೂಡು'. ಬಾಣ ಹೂಡುತ್ತೇವೆ, ದಾವೆ ಹೂಡುತ್ತೇವೆ, ಸಂಚು ಹೂಡುತ್ತೇವೆ, ಎತ್ತು ಹೂಡುತ್ತೇವೆ. ಅಣಿಮಾಡಿ ಇಡುವುದು, ಗುರಿ ಇಟ್ಟುಕೊಂಡು ಇಡುವುದು, ಎರಡೂ ಇದರಲ್ಲಿವೆ. 'ಐಟಿವಿಯ ಕೊರೊನೇಷನ್ ಸ್ಟ್ರೀಟ್ ಎದುರು ಬಿಬಿಸಿ ಡಾಕ್ಟರ್ ಹೂ ಧಾರಾವಾಹಿಯನ್ನು ಹೂಡಿತು' ಅಂತ ಬರೆದು ನೋಡಿ. ವಿವರಣೆ ಬೇಕಾಗುವುದಿಲ್ಲ. ಕ್ರಿಯಾಪದ ಸಿಕ್ಕಿತು, ನಾಮಪದ ಮಾತ್ರ ಸಿಗುತ್ತಿಲ್ಲ. 'ಹೂಡಿಕೆ' ಅಂದ ಕೂಡಲೇ ಮ್ಯೂಚುವಲ್ ಫಂಡ್ ನೆನಪಾಗುತ್ತದೆ, ಆ ಪದವನ್ನು ಷೇರುಪೇಟೆಯವರು ಕೊಂಡುಬಿಟ್ಟಿದ್ದಾರೆ. 'ಹೂಟ' ಇದೆ. ನಮ್ಮ ಕಡೆ ಹೂಟ ಅಂದರೆ ಉಳುಮೆ. ಉಳುಮೆ ಮಾಡದ ಊರಿನ ಓದುಗರಿಗೆ ಇದು ಹೊಸದಾಗೇ ಕೇಳಿಸಬಹುದು, ಹಾಗಾಗಿ 'ವೇಳೆಹೂಟ' ಅಂದರೆ ನಡೆದೀತು ಅಂತ ಒಂದು ಆಸೆ. ನಿಮಗೇನನಿಸುತ್ತದೆ?

ಎದುರು ಹೂಡುವುದರಲ್ಲೂ ಎರಡು ಬಗೆ. 1980ರಲ್ಲಿ ಶನಿವಾರ ಸಂಜೆಯ 'ಡಾಕ್ಟರ್ ಹೂ' ಎದುರಿಗೆ ಐಟಿವಿ ಅಮೆರಿಕದ 'ಬಕ್ ರೋಜರ್ಸ್' ಹೂಡಿತು. ಎರಡೂ ಅಂತರಿಕ್ಷದ ಕತೆ, ನೋಡುಗರೂ ಅದೇ ಮಕ್ಕಳು, ಅದೇ ಮನೆಗಳು. ಬಿಬಿಸಿಯ ನೋಡುಗರು ಕರಗಿದರು. 1982ರ ಹೊತ್ತಿಗೆ ಡಾಕ್ಟರ್ ಹೂ ಶನಿವಾರ ಬಿಟ್ಟು ವಾರದ ದಿನಗಳಿಗೆ ಹೋಗಬೇಕಾಯಿತು. ಇದು ಸಮಕ್ಕೆ ಸಮ, 'ಮುಖಾಮುಖಿ' ಅಂದರೆ ಸಾಕು. ಎರಡನೆಯದು ಇದಕ್ಕೆ ಪೂರ್ತಿ ಬೇರೆ. ಎದುರಿನ ವಾಹಿನಿಯಲ್ಲಿ ಫುಟ್‌ಬಾಲ್ ಇದ್ದರೆ, ಫುಟ್‌ಬಾಲ್ ಅಂದರೆ ಮೂಗು ಮುರಿಯುವವರಿಗಾಗಿ ನಮ್ಮಲ್ಲಿ ಒಂದು ಪ್ರೇಮಕತೆ ಹಾಕುವುದು. ಹೊಡೆದಾಟವೇ ಇಲ್ಲದೆ ಉಳಿದವರನ್ನು ಬಾಚಿಕೊಳ್ಳುವುದು. ಕೌಂಟರ್ ಪ್ರೋಗ್ರಾಮಿಂಗ್ ಅನ್ನುತ್ತಾರೆ. 'ಪ್ರತಿ' ಸೇರಿಸಿ ಏನೋ ಒಂದು ಕಟ್ಟಬಹುದು, ಆದರೆ ಪ್ರತಿ ಅಂದರೆ ತಿರುಗಿ ಬೀಳುವುದು ಅಂತಾಗುತ್ತದೆ. ಇಲ್ಲಿ ಮಾಡುವುದು ಪಕ್ಕಕ್ಕೆ ಸರಿಯುವುದು. 'ಮಗ್ಗುಲ ಹೂಟ' ಅಂತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.

ಪಾಠದಲ್ಲಿ ಜಾಸ್ತಿ ಜಾಗ ಕೊಟ್ಟಿರುವುದು 1985ಕ್ಕೆ. ಹಿಂದಿನ ವರ್ಷ ಮೈಕೆಲ್ ಗ್ರೇಡ್ 'ಬಿಬಿಸಿ ಒಂದು' ವಾಹಿನಿಯ ಮುಖ್ಯಸ್ಥರಾಗಿ ಬಂದಿದ್ದರು. ಮನುಷ್ಯ ಐಟಿವಿ ಕಂಪನಿಯಲ್ಲಿ ಪಳಗಿದವರು. 1985ರ ಫೆಬ್ರವರಿಯಲ್ಲಿ ಅವರು ಸಂಜೆ ಏಳು ಗಂಟೆಯನ್ನು ಗಟ್ಟಿ ಮಾಡಿದರು. ಸೋಮವಾರ, ಬುಧವಾರ, ಶುಕ್ರವಾರ ಟೆರಿ ವೋಗನ್ ಅವರ ಮಾತುಕತೆ. ಮಂಗಳವಾರ, ಗುರುವಾರ 'ಈಸ್ಟೆಂಡರ್ಸ್' ಅನ್ನುವ ಹೊಸ ಧಾರಾವಾಹಿ. ಮನೆಗೆ ಬಂದವರು ಪೇಪರ್ ನೋಡದೆ ಟಿವಿ ಹಾಕಿದರೂ ಏಳಕ್ಕೆ ಏನಿದೆ ಅಂತ ಗೊತ್ತಿರಬೇಕು, ಅಷ್ಟೇ. ಆದರೆ ಐಟಿವಿ ಆ ಏಳು ಗಂಟೆಗೆ 'ಎಮರ್‌ಡೇಲ್ ಫಾರ್ಮ್' ಹಾಕುತ್ತಿತ್ತು. ಧಾರಾವಾಹಿಗೆ ಧಾರಾವಾಹಿ ಡಿಕ್ಕಿ. ಗ್ರೇಡ್ ಹಟ ಹಿಡಿಯಲಿಲ್ಲ. ಸೆಪ್ಟೆಂಬರಿನಲ್ಲಿ ಈಸ್ಟೆಂಡರ್ಸ್ ಏಳೂವರೆಗೆ ಹೋಯಿತು. ಐಟಿವಿಯ ದೊಡ್ಡ ಧಾರಾವಾಹಿ 'ಕೊರೊನೇಷನ್ ಸ್ಟ್ರೀಟ್' ಕೂಡ ಏಳೂವರೆಗೇ, ಆದರೆ ಸೋಮವಾರ ಮತ್ತು ಬುಧವಾರ. ದಿನ ಬೇರೆ, ತಂಟೆ ಇಲ್ಲ. 1986ರ ಕ್ರಿಸ್‌ಮಸ್ ದಿನ ಈಸ್ಟೆಂಡರ್ಸ್‌ನ ಡೆನ್ ತನ್ನ ಹೆಂಡತಿ ಆ್ಯಂಜಿ ಕೈಗೆ ವಿಚ್ಛೇದನದ ಕಾಗದ ಕೊಟ್ಟಾಗ ನೋಡಿದವರ ಲೆಕ್ಕ 3 ಕೋಟಿ ದಾಟಿತು. ಹಬ್ಬದ ದಿನ ಊಟ ಮಾಡಿ ಕೂತ ಜನಕ್ಕೆ ಡೈವೋರ್ಸ್ ತೋರಿಸುವ ಧೈರ್ಯ ಯಾರಿಗೆ ಬರುತ್ತದೆ, ನೀವೇ ಹೇಳಿ.

ಆ 3 ಕೋಟಿಯೊಳಗೆ ಒಂದು ಪದದ ತೊಡಕು ಅಡಗಿದೆ. ವಾರದ ಸಂಚಿಕೆಗಳನ್ನೆಲ್ಲ ಸೇರಿಸಿ ಬಿಬಿಸಿ ಭಾನುವಾರ ಮಧ್ಯಾಹ್ನ ಮತ್ತೆ ಹಾಕುತ್ತಿತ್ತು, ಅದನ್ನು ನೋಡಿದವರನ್ನೂ ಈ ಲೆಕ್ಕಕ್ಕೆ ಕೂಡಿಸಿದ್ದಾರೆ. ಅದಕ್ಕೆ ಆಮ್ನಿಬಸ್ ಅನ್ನುತ್ತಾರೆ. ಕನ್ನಡದಲ್ಲಿ ಕೈಗೆ ಸಿಗುವ ಪದ 'ಮಹಾಸಂಚಿಕೆ'. ಆದರೆ ನಮ್ಮ ವಾಹಿನಿಗಳಲ್ಲಿ ಮಹಾಸಂಚಿಕೆ ಅಂದರೆ ಉದ್ದವಾದ ಹೊಸ ಸಂಚಿಕೆ. ಹಳೆಯದನ್ನು ಹೊಲಿದು ತೋರಿಸಿದರೆ ನೋಡುಗರು ಬೈಯುತ್ತಾರೆ. 'ವಾರದ ಕಟ್ಟು' ಅಂತ ಬರೆದಿದ್ದೇನೆ. ತರಕಾರಿ ಸೊಪ್ಪಿನ ಕಟ್ಟು ಅನ್ನಿಸುತ್ತದೆ ಅಂತ ಮನೆಯಲ್ಲಿ ಆಗಲೇ ಟೀಕೆ ಬಂದಿದೆ.

ಇನ್ನೊಂದು ಪದ ಸ್ಟ್ರಿಪ್ಪಿಂಗ್, ಅಂದರೆ ಸೋಮವಾರದಿಂದ ಶುಕ್ರವಾರದವರೆಗೆ ಅದೇ ಕಾರ್ಯಕ್ರಮ ಅದೇ ಹೊತ್ತಿಗೆ. ಆಸ್ಟ್ರೇಲಿಯಾದ 'ನೇಬರ್ಸ್' ಧಾರಾವಾಹಿಯನ್ನು ಬಿಬಿಸಿ ಹೀಗೆ ಹಾಕಿತು. 1988ರಲ್ಲಿ ಅದರ ಮರುಪ್ರಸಾರವನ್ನು ಸಂಜೆ 5.35ಕ್ಕೆ ತಂದಾಗ ಶಾಲೆ ಮುಗಿಸಿ ಬಂದ ಮಕ್ಕಳೆಲ್ಲ ಅದಕ್ಕೆ ಅಂಟಿಕೊಂಡರು. ಕನ್ನಡದಲ್ಲಿ ಇದಕ್ಕೆ ಪದ ಇಲ್ಲದ್ದಕ್ಕೆ ಕಾರಣ ಸರಳ. ನಮ್ಮ ಧಾರಾವಾಹಿಗಳೆಲ್ಲ ಹೀಗೇ ಬರುತ್ತವೆ. ದಿನಾ ಬರುವುದೇ ರೂಢಿಯಾದ ಕಡೆ ಅದಕ್ಕೊಂದು ಹೆಸರು ಯಾಕೆ ಬೇಕು? ಪಾಠಕ್ಕೆ ಬೇಕಾದ್ದರಿಂದ 'ದಿನವಹಿ' ಸಾಕು.

ಜೋಲಿ ವಿಚಾರ. ಎರಡು ಜನಪ್ರಿಯ ಕಾರ್ಯಕ್ರಮಗಳ ನಡುವೆ ಒಂದು ಸಪ್ಪೆ ಕಾರ್ಯಕ್ರಮ, ಅಥವಾ ಯಾರೂ ಕೇಳದ ಹೊಸ ಕಾರ್ಯಕ್ರಮ ಇಡುವುದು. ಮೊದಲನೆಯದನ್ನು ನೋಡಿದವರು ಮೂರನೆಯದಕ್ಕಾಗಿ ಕಾಯುತ್ತಾ ಎದ್ದು ಹೋಗದೆ ಕೂರುತ್ತಾರೆ. ಇದಕ್ಕೆ ಹ್ಯಾಮಕಿಂಗ್ ಅನ್ನುತ್ತಾರೆ. ಎರಡು ಕಂಬಕ್ಕೆ ಕಟ್ಟಿದ ಬಟ್ಟೆಯಲ್ಲಿ ಮಗು ಮಲಗಿರುವ ನಮ್ಮ ಜೋಲಿಗೆ ಇದು ಚೆನ್ನಾಗಿ ಹೊಂದುತ್ತದೆ. ತಿರುಗಿಸಿದರೆ, ನಡುವೆ ಒಂದು ಗಟ್ಟಿ ಕಾರ್ಯಕ್ರಮ ನಿಲ್ಲಿಸಿ ಆಚೆ ಈಚೆಯವನ್ನು ಅದರ ಬಲದಲ್ಲಿ ಎತ್ತುವುದು. ಅದಕ್ಕೆ 'ನಡುಗಂಬ'. ಹಿಂದಿನ ಕಾರ್ಯಕ್ರಮದಿಂದ ಹಾಗೇ ಉಳಿದು ಬಂದ ನೋಡುಗರನ್ನು ಇನ್‌ಹೆರಿಟೆಡ್ ಆಡಿಯನ್ಸ್ ಅನ್ನುತ್ತಾರೆ, ನನ್ನ ಪಾಠದಲ್ಲಿ ಅವರು 'ಬಳುವಳಿ ನೋಡುಗರು'.

ಈ ಬಳುವಳಿಗೆ ತಡೆಯಾಗಿದ್ದ ಒಂದು ವಿಚಿತ್ರ ನಿಯಮ ಇತ್ತು. ಸಂಜೆ ಆರರಿಂದ ಏಳರವರೆಗೆ ಎಲ್ಲ ವಾಹಿನಿಗಳೂ ಟಿವಿ ಬಂದ್ ಮಾಡಬೇಕಿತ್ತು, ತಾಯಂದಿರು ಮಕ್ಕಳನ್ನು ಮಲಗಿಸಲಿ ಅಂತ! ಟಾಡ್ಲರ್ಸ್ ಟ್ರೂಸ್ ಅಂತ ಅದರ ಹೆಸರು. ಬಿಬಿಸಿಗೆ ಖರ್ಚು ಉಳಿಯುತ್ತಿತ್ತು, ಐಟಿವಿಗೆ ಒಂದು ಗಂಟೆಯ ಜಾಹೀರಾತು ಹೋಗುತ್ತಿತ್ತು. 1957ರ ಫೆಬ್ರವರಿಯಲ್ಲಿ ನಿಯಮ ಹೋಯಿತು. ನಾನು 'ಮಕ್ಕಳ ವಿರಾಮ' ಅಂದಿದ್ದೇನೆ. ಟ್ರೂಸ್‌ಗೆ ಕದನವಿರಾಮ ಇದೆ, ನಿಜ. ಆದರೆ ಮಕ್ಕಳ ಕದನವಿರಾಮ ಅಂದರೆ ಅಣ್ಣ ತಂಗಿ ಜಗಳ ನಿಲ್ಲಿಸಿದ ಹಾಗಾಗುತ್ತದೆ.

ನನ್ನ ತಲೆ ಜಾಸ್ತಿ ತಿಂದದ್ದು ವಾಟರ್‌ಶೆಡ್. ಮಕ್ಕಳು ನೋಡಬಾರದ ಮಾತು, ಹಿಂಸೆ ರಾತ್ರಿ ಒಂಬತ್ತಕ್ಕೆ ಮೊದಲು ಬೇಡ ಅನ್ನುವ ನಿಯಮ ಅದು. ಕಂಪ್ಯೂಟರಿನ ಅನುವಾದ ಇದನ್ನು 'ಒಂಬತ್ತು ಗಂಟೆಯ ಜಲಾನಯನ' ಅಂತ ಕೊಟ್ಟಿತು. ನಮಗೆ ಜಲಾನಯನ ಅಂದರೆ ಕೃಷಿ ಇಲಾಖೆ, ಬದು, ಇಂಗುಗುಂಡಿ. ಅದು ನೀರು ಸೇರುವ ಜಾಗ. ಬ್ರಿಟಿಷರು ವಾಟರ್‌ಶೆಡ್ ಅನ್ನುವುದು ನೀರು ಎರಡು ಕಡೆಗೆ ಒಡೆದು ಹರಿಯುವ ದಿಣ್ಣೆಗೆ. ಆಚೆ ಒಂದು ಹೊಳೆ, ಈಚೆ ಒಂದು ಹೊಳೆ. ಮಲೆನಾಡಿನವರು ಇದಕ್ಕೆ ಏನನ್ನುತ್ತೀರಿ? ಒಳ್ಳೆ ಪದ ಸಿಗುವವರೆಗೆ 'ಒಂಬತ್ತರ ಗೆರೆ' ಅಂತಲೇ ಇಟ್ಟಿದ್ದೇನೆ.

ಪಾಠದಲ್ಲಿ ಇದು ಯಾಕೆ ಮುಖ್ಯ ಅಂದರೆ, ಒಂಬತ್ತರ ಗೆರೆಯಿಂದಲೇ ಐಟಿವಿ ಒಂದು ದೊಡ್ಡ ಎಡವಟ್ಟು ಮಾಡಿಕೊಂಡಿತು. 1967ರಿಂದ ಅದರ 'ನ್ಯೂಸ್ ಅಟ್ ಟೆನ್' ಹತ್ತು ಗಂಟೆಗೆ ಬರುತ್ತಿತ್ತು. ದೊಡ್ಡವರ ಸಿನಿಮಾ ಒಂಬತ್ತಕ್ಕೆ ಮೊದಲು ಶುರು ಮಾಡುವಂತಿಲ್ಲ, ಹತ್ತಕ್ಕೆ ವಾರ್ತೆ ಬಂದು ನಡುವೆ ಕೂರುತ್ತದೆ. ಅದಕ್ಕೇ 1999ರ ಮಾರ್ಚಿನಲ್ಲಿ ಹತ್ತರ ವಾರ್ತೆಯನ್ನೇ ತೆಗೆದರು. 2000ದ ಅಕ್ಟೋಬರಿನಲ್ಲಿ ಬಿಬಿಸಿ ತನ್ನ ಒಂಬತ್ತರ ವಾರ್ತೆಯನ್ನು ಹತ್ತಕ್ಕೆ ತಂದು ಖಾಲಿ ಜಾಗದಲ್ಲಿ ಕೂತಿತು. ಐಟಿವಿ 2001ರ ಜನವರಿಯಲ್ಲಿ ವಾಪಸ್ ಬಂತು, ಆದರೆ ವಾರದಲ್ಲಿ ಕೆಲವು ದಿನ ಮಾತ್ರ ಹತ್ತಕ್ಕೆ. 'ನ್ಯೂಸ್ ಅಟ್ ವೆನ್' ಅಂತ ಪತ್ರಿಕೆಗಳು ಕಿಚಾಯಿಸಿದವು. 2008ರಲ್ಲಿ ಮತ್ತೊಮ್ಮೆ ಹತ್ತಕ್ಕೆ ತಂದರು, ಅಷ್ಟರಲ್ಲಿ ಆ ಜಾಗದಲ್ಲಿ ಬಿಬಿಸಿ ಬೇರು ಬಿಟ್ಟಿತ್ತು.

ಆ 'ಜಾಗ' ಅಂದೆನಲ್ಲ, ಸ್ಲಾಟ್. ಇದನ್ನು ಕನ್ನಡಿಸುವ ಉಮೇದು ನನಗಿಲ್ಲ. ಬೆಂಗಳೂರಿನ ಧಾರಾವಾಹಿ ತಂಡಗಳಲ್ಲಿ ಲೈಟ್ ಹಿಡಿಯುವವರೂ 'ನಮ್ದು ಏಳರ ಸ್ಲಾಟ್' ಅನ್ನುತ್ತಾರೆ. ಸ್ಲಾಟ್ ಕನ್ನಡವೇ ಆಗಿದೆ. ಜಂಕ್ಷನ್ ಮಾತ್ರ ಬೇಡ. ಎರಡು ವಾಹಿನಿಗಳಲ್ಲಿ ಒಂದೇ ಗಳಿಗೆಗೆ ಹೊಸ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಆ ಹೆಸರು, ನೋಡುಗರು ಸಲೀಸಾಗಿ ಆಚೆಯಿಂದ ಈಚೆಗೆ ದಾಟಲಿ ಅಂತ. 1964ರಲ್ಲಿ ಬಿಬಿಸಿಯ ಎರಡನೇ ವಾಹಿನಿ 'ಬಿಬಿಸಿ ಎರಡು' ಶುರುವಾದ ಮೇಲೆ ಇದು ಬಿಬಿಸಿಗೆ ಬೇಕಾಯಿತು. ಕನ್ನಡದಲ್ಲಿ ಜಂಕ್ಷನ್ ಅಂದರೆ ಅರಸೀಕೆರೆ. 'ಕೂಡುಹೊತ್ತು' ಹೇಗೆ?

ಬೇಕಾದಾಗ ನೋಡುವ ಬಿಬಿಸಿಯ ಐಪ್ಲೇಯರ್ 2007ರಿಂದ ಇದೆ, ಇನ್ನು ಈ ಪದಗಳೆಲ್ಲ ಯಾಕೆ ಅಂತ ಕೇಳಬಹುದು. 2024ರ ಕ್ರಿಸ್‌ಮಸ್ ರಾತ್ರಿ ಬಿಬಿಸಿಯ ಹಾಸ್ಯ ಧಾರಾವಾಹಿ 'ಗ್ಯಾವಿನ್ ಆ್ಯಂಡ್ ಸ್ಟೇಸಿ'ಯ ಕೊನೆಯ ಸಂಚಿಕೆಯನ್ನು ಅದು ಬಂದ ಹೊತ್ತಿಗೇ 1.23 ಕೋಟಿ ಜನ ನೋಡಿದರು. ಹೂಡುವವರಿಗೆ ಇನ್ನೂ ಕೆಲಸ ಇದೆ.

ಕೊನೆಗೆ ಎರಡು ಕೋರಿಕೆ. ಇಲ್ಲಿನ ವಾಹಿನಿಗಳ ಒಳಗೆ ಕಾರ್ಯಕ್ರಮಗಳ ವೇಳಾಪಟ್ಟಿಗೆ ಎಫ್‌ಪಿಸಿ ಅನ್ನುತ್ತಾರೆ, ಫಿಕ್ಸೆಡ್ ಪಾಯಿಂಟ್ ಚಾರ್ಟ್. ಆಕಾಶವಾಣಿ, ದೂರದರ್ಶನದಲ್ಲಿ ಇದ್ದ ಹಿರಿಯರು ಯಾರಾದರೂ ಈ ಗುಂಪಿನಲ್ಲಿದ್ದರೆ, ಕಚೇರಿ ಮಾತಿನಲ್ಲಿ ಅದಕ್ಕೆ ಕನ್ನಡದ ಹೆಸರು ಏನಾದರೂ ಇತ್ತಾ, ದಯವಿಟ್ಟು ತಿಳಿಸಿ. ಇನ್ನೊಂದು, 'ಜೋಲಿ ಹೊಡೆಯೋದು' ಅಂದರೆ ಆಯ ತಪ್ಪಿ ಓಲಾಡುವುದು ಅನ್ನುವ ಬಳಕೆಯೂ ಇದೆ. 'ಕಾರ್ಯಕ್ರಮವನ್ನು ಜೋಲಿಗೆ ಹಾಕಿದರು' ಅಂತ ಓದಿದರೆ ಧಾರವಾಡ, ಕಲಬುರಗಿ ಕಡೆಯವರಿಗೆ ಮಗುವಿನ ಜೋಲಿ ನೆನಪಾಗುತ್ತದಾ, ಇಲ್ಲ ಕಾರ್ಯಕ್ರಮ ಬಿದ್ದೇಹೋಯಿತು ಅನ್ನಿಸುತ್ತದಾ?