ಹನ್ನೆರಡು ವರ್ಷ ಒಬ್ಬಳೇ ಮನೆ ನಡೆಸಿದ ಮೇಲೆ ಈಗ ಝಾನ್ಸಿಗೆ ಹೋಗಬೇಕಾ?

ಕುಂಜಿಬೆಟ್ಟು ಅಮ್ಮ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಗಂಡ ಸೈನ್ಯದಲ್ಲಿ ಹವಿಲ್ದಾರ್. ಸರ್ವಿಸ್ 17 ವರ್ಷ ಆಯಿತು. ಈಗ ಫೀಲ್ಡಲ್ಲಿದ್ದಾರೆ, ಅಂದರೆ ಫ್ಯಾಮಿಲಿ ಕರೆದುಕೊಂಡು ಹೋಗಲು ಆಗದ ಕಡೆ. ಎಲ್ಲಿ, ಯಾವ ಯೂನಿಟ್ ಅಂತ ಬರೆಯುವುದಿಲ್ಲ, ಬರೆಯಲೂ ಬಾರದು. ಚಳಿ ಜಾಗ ಅಂದರೆ ಸಾಕು. ಮಾರ್ಚಿಗೆ ಅದು ಮುಗಿದು ಝಾನ್ಸಿಗೆ ಬರುತ್ತಾರೆ. ಪೀಸ್ ಪೋಸ್ಟಿಂಗ್, ಫ್ಯಾಮಿಲಿ ಇಟ್ಟುಕೊಳ್ಳಬಹುದು. "ಈ ಸಲ ನೀವೆಲ್ಲ ಬನ್ನಿ" ಅಂತ ಫೋನಲ್ಲಿ ಹೇಳಿದ್ದಾರೆ. ನಾನು "ನೋಡುವ" ಅಂದೆ. ಅದು ಹೇಳಿ ಮೂರು ವಾರ ಆಯಿತು, ಇನ್ನೂ ನೋಡುತ್ತಾ ಇದ್ದೇನೆ.

ನಾವು ಉಡುಪಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮಗ ಏಳನೇ ಕ್ಲಾಸ್, ಸ್ಟೇಟ್ ಸಿಲೆಬಸ್. ಮಗಳಿಗೆ ಆರು ವರ್ಷ. ಅತ್ತೆ ಬ್ರಹ್ಮಾವರದ ಹತ್ತಿರ ಊರಮನೆಯಲ್ಲಿ ಒಬ್ಬರೇ. ಅವರಿಗೆ 71. ಬಿಪಿ ಉಂಟು, ಹಠವೂ ಉಂಟು. ಶನಿವಾರ ಶಾಲೆ ಬಿಟ್ಟ ಕೂಡಲೇ ಇಬ್ಬರು ಮಕ್ಕಳನ್ನು ಸ್ಕೂಟರಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋಗುತ್ತೇನೆ. ಮೇ ಕೊನೆಗೆ ಮಾಡಿನ ಹಂಚು ತಿರುಗಿಸಲು ಜನ ಹುಡುಕುವುದು, ಪಂಪ್ ಕೆಟ್ಟರೆ ಮೆಕ್ಯಾನಿಕ್ ಕರೆಸುವುದು, ಅತ್ತೆಯ ಮಾತ್ರೆ, ತೆಂಗಿನಕಾಯಿ ಕೀಳಿಸುವುದು ಎಲ್ಲ ನನ್ನದೇ. ಮೊದಮೊದಲು ಅಳು ಬರುತ್ತಿತ್ತು. ಈಗ ಇಲ್ಲ. ಈಗ ಯಾರಾದರೂ ಸಹಾಯಕ್ಕೆ ಬಂದರೆ ಅಡ್ಡ ಆಗುತ್ತದೆ. ಅದೇ ನನ್ನ ಸಮಸ್ಯೆ.

ಮೊನ್ನೆ ಸುಮ್ನೆ ಕೂತು ಲೆಕ್ಕ ಹಾಕಿದೆ. ಮದುವೆಯಾಗಿ 14 ವರ್ಷ. ಮಗ ಕೂಸಿದ್ದಾಗ ಸಿಕಂದರಾಬಾದಿನಲ್ಲಿ 2 ವರ್ಷ ಒಟ್ಟಿಗೆ ಇದ್ದೆವು. ಉಳಿದ 12 ವರ್ಷ ರಜೆಯಲ್ಲಿ ಬಂದು ಹೋಗುವುದು. ವರ್ಷಕ್ಕೆ 60 ದಿನ ಆ್ಯನ್ಯುವಲ್, 30 ದಿನ ಕ್ಯಾಶುವಲ್. ಪೂರ್ತಿ ಸಿಕ್ಕಿದ ವರ್ಷಗಳು ಕಮ್ಮಿ. 80 ಅಂತ ಹಿಡಿದರೂ ಎಲ್ಲ ಸೇರಿ ನಾಲ್ಕೂವರೆ ವರ್ಷ ಚಿಲ್ಲರೆ. ನಮ್ಮ ಹಾಲಿನವನನ್ನು ನಾನು ಇದಕ್ಕಿಂತ ಜಾಸ್ತಿ ನೋಡಿದ್ದೇನೆ.

ಹೋದ ಸಲ ರಜೆಗೆ ಬಂದಾಗ ನಾಲ್ಕನೇ ದಿನವೇ ಅಡಿಗೆಮನೆಯ ಶೆಲ್ಫ್ ಸರಿ ಮಾಡಿದರು. ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು, ಪರೇಡಿಗೆ ನಿಲ್ಲಿಸಿದ ಹಾಗೆ. ನೋಡಲು ಚಂದ. ಆದರೆ ಸಕ್ಕರೆ ಮೇಲಿನ ಸಾಲಿಗೆ ಹೋಗಿ ಕೂತಿತು, ಕೈಗೆ ಸಿಗುವಲ್ಲಿ ಮೆಂತೆ. ಬೆಳಿಗ್ಗೆ ಐದಕ್ಕೆ ಮಗನನ್ನು ಎಬ್ಬಿಸಿ ಓಡಿಸಲು ಕರೆದುಕೊಂಡು ಹೋಗುತ್ತಿದ್ದರು. ಚಾದರ ಮಡಚಿದ್ದು ಸರಿ ಆಗದಿದ್ದರೆ ಬಿಡಿಸಿ ಮತ್ತೆ ಮಡಚಿಸುತ್ತಿದ್ದರು. ಬೈಯುವುದಿಲ್ಲ, ಪಾಪ. ಸುಮ್ಮನೆ ಬಿಡಿಸಿ ಕೈಗೆ ಕೊಡುತ್ತಾರೆ ಅಷ್ಟೆ.

ಒಂದು ರಾತ್ರಿ ನಾನು ಬಂಗುಡೆ ತೊಳೆಯುತ್ತಿದ್ದೆ. ಮಗ ಹತ್ತಿರ ಬಂದು ಮೆಲ್ಲ ಕೇಳಿದ, "ಅಮ್ಮ, ಪಪ್ಪ ಯಾವಾಗ ಹೋಗುವುದು?" ಇವರು ಬಾಗಿಲಲ್ಲೇ ನಿಂತಿದ್ದರು. ನೀರು ಕುಡಿಯಲು ಬಂದವರು, ಲೋಟ ಹಾಗೆಯೇ ಕೈಯಲ್ಲಿ. ಏನೂ ಹೇಳಲಿಲ್ಲ. ಹಿತ್ತಲಿಗೆ ಹೋಗಿ ಬಾವಿಯಿಂದ ನೀರು ಸೇದಲು ಶುರು ಮಾಡಿದರು. ಟ್ಯಾಂಕ್ ತುಂಬಿತ್ತು. ಪಂಪ್ ಸರಿ ಇತ್ತು. ಕೊಡಪಾನ, ಬಕೆಟ್, ಬಟ್ಟೆ ಒಗೆಯುವ ಟಬ್ಬು, ಎಲ್ಲ ತುಂಬಿಸಿದರು. ರಾಟೆಯ ಶಬ್ದ ಈಗಲೂ ಕಿವಿಯಲ್ಲಿ ಉಂಟು.

ಈಗ ಕೇಳುವುದು ಇಷ್ಟು. ಎಂಟನೇ ಕ್ಲಾಸಿಗೆ ಮಗನನ್ನು ಬೇರೆ ಸಿಲೆಬಸ್ಸಿಗೆ ಹಾಕಿದರೆ ತೊಂದರೆ ಆಗುತ್ತದಾ? ಮುಂದೆ ಸಿಇಟಿಗೆ ಕರ್ನಾಟಕದವನಲ್ಲ ಅಂದುಬಿಟ್ಟರೆ? ಅತ್ತೆಯನ್ನು ಏನು ಮಾಡುವುದು? ಮತ್ತೆ, ಇದನ್ನು ಕೇಳಲು ನಾಚಿಕೆ ಆಗುತ್ತದೆ: ದಿನಾ ಗಂಡನ ಜೊತೆ ಇರುವುದು ಅಭ್ಯಾಸ ಆಗಲು ನಿಮಗೆಲ್ಲ ಎಷ್ಟು ಸಮಯ ಬೇಕಾಯಿತು?

ಕಾರ್ಕಳದಕ್ಕ:

ತಂಗಿ, ಕೊನೆಯ ಪ್ರಶ್ನೆಗೆ ಮೊದಲು ಹೇಳುತ್ತೇನೆ. ಏಳು ತಿಂಗಳು. ಅದೂ ಜಗಳ ಮಾಡಿ ಮಾಡಿ.

ನಮ್ಮವರು ಪೆನ್ಶನ್ ಬಂದು ಈಗ ಊರಲ್ಲಿದ್ದಾರೆ. ಸರ್ವಿಸಲ್ಲಿದ್ದಾಗ ನಾವು ಬಬಿನಾದಲ್ಲಿ ಇದ್ದೆವು, ನಿಮ್ಮ ಝಾನ್ಸಿಯ ಹತ್ತಿರವೇ. ನನಗೆ ಹಿಂದಿ ಅಂದರೆ "ಕಿತನಾ" ಒಂದೇ ಗೊತ್ತಿದ್ದದ್ದು. ತರಕಾರಿಯವನು ಬೆಲೆ ಹೇಳಿದರೆ ತಿರುಗಿ ಏನು ಹೇಳುವುದು ಅಂತ ಗೊತ್ತಾಗದೆ ಪೂರ್ತಿ ದುಡ್ಡು ಕೊಟ್ಟು ಬರುತ್ತಿದ್ದೆ. ಪಕ್ಕದ ಕ್ವಾರ್ಟರ್ಸಿನಲ್ಲಿ ಒಬ್ಬಳು ತಮಿಳಿನವಳು, ಎದುರಿಗೆ ಉತ್ತರಾಖಂಡದ ಗಢವಾಲ್ ಕಡೆಯವಳು. ಮೂರು ಜನಕ್ಕೂ ಸರಿಯಾಗಿ ಮಾತು ಬಾರದು. ಆದರೂ ಸಂಜೆ ಮೆಟ್ಟಿಲ ಮೇಲೆ ಕೂತು ಬಟಾಣಿ ಬಿಡಿಸುತ್ತಾ ಎಂತದೋ ಮಾತಾಡುತ್ತಿದ್ದೆವು. ಊರಲ್ಲಿ ಇಷ್ಟು ಜನ ಇದ್ದರೂ ಗಂಡ ದೂರ ಇದ್ದಾನೆ ಅಂದರೆ "ಪಾಪ" ಅಂತಾರೆ, ಅಲ್ವಾ? ಅಲ್ಲಿ ಯಾರೂ ಪಾಪ ಅನ್ನುವುದಿಲ್ಲ, ಎಲ್ಲರದ್ದೂ ಅದೇ ಕಥೆ.

ಆದರೆ ಸುಳ್ಳು ಹೇಳುವುದಿಲ್ಲ. ಮೇ ತಿಂಗಳಲ್ಲಿ 45 ಡಿಗ್ರಿ ಬಿಸಿಲು. ನಮ್ಮ ಬೆವರಿನ ಸೆಕೆ ಅಲ್ಲ ಅದು, ಮುಖಕ್ಕೆ ಒಲೆ ಬಾಯಿ ಇಟ್ಟ ಹಾಗೆ ಗಾಳಿ. ಕೂಲರ್ ಇಲ್ಲದೆ ಆಗುವುದಿಲ್ಲ. ಮತ್ತೆ ಇವರು ಆಫೀಸಿಂದ ಬಂದು ನನ್ನ ಅಡಿಗೆಮನೆಗೆ ಬಂದರೆ ನನಗೂ ಸಿಟ್ಟು ಬರುತ್ತಿತ್ತು. ಕೊನೆಗೆ ಅಟ್ಟದ ಸಾಮಾನು ಅವರಿಗೆ, ಕೆಳಗಿನ ಶೆಲ್ಫ್ ನನಗೆ ಅಂತ ಪಾಲು ಮಾಡಿದೆವು. ನಗಬೇಡಿ, ಇವತ್ತಿಗೂ ಹಾಗೆಯೇ ಉಂಟು.

ಮಂಗಳೂರು ಸುಬೇದಾರ್, ನಿವೃತ್ತ:

ಮೊದಲು ಕಾಗದದ ವಿಷಯ ಹೇಳುತ್ತೇನೆ, ಅದು ನನಗೆ ಸುಲಭ.

ಸಿಇಟಿಗೆ ಹೆದರಬೇಡಿ. ಸಾಮಾನ್ಯ ನಿಯಮದ ಪ್ರಕಾರ ಒಂದರಿಂದ ಹನ್ನೆರಡರ ಒಳಗೆ ಕರ್ನಾಟಕದಲ್ಲಿ 7 ವರ್ಷ ಓದಿರಬೇಕು, ಜೊತೆಗೆ ಎಸ್‌ಎಸ್‌ಎಲ್‌ಸಿ ಅಥವಾ ಸೆಕೆಂಡ್ ಪಿಯುಸಿ ಇಲ್ಲಿಂದ ಪಾಸಾಗಿರಬೇಕು. ನಿಮ್ಮ ಮಗ ಒಂದರಿಂದ ಏಳು ಇಲ್ಲೇ ಓದಿದ್ದಾನೆ ಅಂದರೆ 7 ವರ್ಷ ಆಯಿತು. ಪಿಯುಸಿಗೆ ಊರಿಗೆ ಬಂದರೆ ಮುಗಿಯಿತು. ಅದಲ್ಲದೆ ಸೇರುವಾಗಲೇ ಕರ್ನಾಟಕವನ್ನು ಸ್ವಂತ ಊರು ಅಂತ ಬರೆಸಿದ ಸೈನಿಕರ ಮಕ್ಕಳಿಗೆ ಬೇರೆಯೇ ಕಲಂ ಉಂಟು. ನಿಮ್ಮ ಯಜಮಾನರ ದಾಖಲೆಯಲ್ಲಿ ಊರು ಸರಿಯಾಗಿ ಬರೆದಿದೆಯಾ ಅಂತ ಈಗಲೇ ನೋಡಲು ಹೇಳಿ.

ಹಾಗೆಯೇ ಹೆಸರು. ನಮ್ಮ ಕಡೆಯವರದ್ದು ಇನಿಷಿಯಲ್ ಗೋಳು. ಆಧಾರಲ್ಲಿ ಒಂದು, ಪಾರ್ಟ್ ಟು ಆರ್ಡರಲ್ಲಿ (ಮನೆಯವರ ವಿವರ ಬರೆಯುವ ಸೈನ್ಯದ ದಾಖಲೆ) ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ನನ್ನ ಮಗಳ ಹೆಸರಲ್ಲಿ ಒಂದು ಅಕ್ಷರ ತಪ್ಪಾಗಿ ಸರಿ ಮಾಡಿಸಲು ಎಂಟು ತಿಂಗಳು ಹೋಯಿತು. ಮಕ್ಕಳು, ನೀವು, ಅತ್ತೆ, ಎಲ್ಲರ ಹೆಸರೂ ಒಂದೇ ರೀತಿ ಇರಲಿ. ಅತ್ತೆಯ ಡಿಪೆಂಡೆಂಟ್ ಕಾರ್ಡ್ ಆಗಿದ್ದರೆ ಅಲ್ಲಿ ಮಿಲಿಟರಿ ಆಸ್ಪತ್ರೆಗೂ ತೋರಿಸಬಹುದು.

ಸೈನ್ಯದ ಶಾಲೆಯಲ್ಲಿ ಏಪ್ರಿಲ್ ಮೊದಲಿಗೇ ಕ್ಲಾಸ್ ಶುರು. ನಮ್ಮ ಶಾಲೆಗಳ ರಿಸಲ್ಟ್ ಬರುವುದೇ ಏಪ್ರಿಲಲ್ಲಿ. ಆದ್ದರಿಂದ ಸೀಟಿನ ವಿಷಯ ಫೆಬ್ರವರಿಯಲ್ಲೇ ವಿಚಾರಿಸಿ. ಬೇರೆ ರಾಜ್ಯಕ್ಕೆ ಹೋಗುವಾಗ ಟಿಸಿಗೆ ಬಿಇಒ ಆಫೀಸಿನ ಸಹಿ ಕೇಳುತ್ತಾರೆ, ಬಸ್ಸು ಹತ್ತುವ ಮೊದಲೇ ಹಾಕಿಸಿ. ಆರನೇ ಕ್ಲಾಸಿಂದ ಹಿಂದಿ ಓದಿದ್ದಾನಲ್ಲ, ಹುಡುಗ ಮೂರು ತಿಂಗಳಲ್ಲಿ ನಿಮಗೇ ಕಲಿಸುತ್ತಾನೆ. ಮಕ್ಕಳ ಓದಿನ ಭತ್ಯೆ 2024ರ ಜನವರಿಯಿಂದ ತಿಂಗಳಿಗೆ ಒಂದು ಮಗುವಿಗೆ 2,812 ರೂಪಾಯಿ 50 ಪೈಸೆ. ಅದು ಎಲ್ಲಿದ್ದರೂ ಸಿಗುತ್ತದೆ, ಶಾಲೆಯ ಸರ್ಟಿಫಿಕೇಟ್ ಬೇಕು. ಕ್ವಾರ್ಟರ್ಸ್ ಸಿಕ್ಕಿದ ದಿನದಿಂದ ಮನೆ ಬಾಡಿಗೆ ಭತ್ಯೆ, ಅಂದರೆ ಎಚ್‌ಆರ್‌ಎ ನಿಲ್ಲುತ್ತದೆ. ಕ್ವಾರ್ಟರ್ಸಿಗೆ ಸರದಿ ಇರುತ್ತದೆ, ಹೋದ ಕೂಡಲೇ ಸಿಗುತ್ತದೆ ಅಂತ ಉಡುಪಿ ಮನೆ ಖಾಲಿ ಮಾಡಬೇಡಿ.

ಇನ್ನು ಶೆಲ್ಫಿನ ವಿಷಯ. ನಾನೂ ಮಾಡಿದವನೇ. ನಮಗೆ ಯೂನಿಟಿನಲ್ಲಿ ಬೆಳಿಗ್ಗೆ ಪಿಟಿಯಿಂದ ರಾತ್ರಿ ರೋಲ್ ಕಾಲ್ ತನಕ ಯಾರೋ ಹೇಳಿದ ಕೆಲಸ ಇರುತ್ತದೆ. ರಜೆಯಲ್ಲಿ ಬಂದರೆ ಮೊದಲ ಮೂರು ದಿನ ಕೋರಿ ರೊಟ್ಟಿ, ನೆಂಟರು. ನಾಲ್ಕನೇ ದಿನ ನೋಡಿದರೆ ಮನೆಯಲ್ಲಿ ನಮ್ಮಿಂದ ಆಗಬೇಕಾದದ್ದು ಏನೂ ಇಲ್ಲ. ಹೆಂಡತಿ ಎಲ್ಲ ಮಾಡಿ ಮುಗಿಸಿರುತ್ತಾಳೆ. ಹಾಲಿನವನಿಗೆ ಎಷ್ಟು ಕೊಡಬೇಕು ಅಂತಲೂ ಗೊತ್ತಿರುವುದಿಲ್ಲ. ಡಬ್ಬ ಜೋಡಿಸುವುದು ಬಿಟ್ಟು ಎಂತ ಮಾಡುವುದು ಮಾರಾಯ್ರೆ? ನಿಮ್ಮವರು ನೀರು ಸೇದಿದ್ದು ಓದಿ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದೆ.

ಕಾರವಾರ ನೇವಿ ಮನೆ:

ನಾನು ಒಪ್ಪುವುದಿಲ್ಲ. ನಮ್ಮವರು ಕಾರವಾರದ ಕದಂಬ ನೌಕಾನೆಲೆಯಲ್ಲಿ. ನಾವು ಒಟ್ಟಿಗೇ ಇರುವುದು, ಆದರೂ ಹಡಗು ಹೊರಟರೆ ತಿಂಗಳುಗಟ್ಟಲೆ ಇಲ್ಲ. ಪೀಸ್ ಅಂದರೂ ಕೋರ್ಸು, ಎಕ್ಸರ್‌ಸೈಜು ಅಂತ ನಿಮ್ಮವರು ಹೊರಗೇ ಇದ್ದರೆ ನೀವು ಗೊತ್ತಿಲ್ಲದ ಊರಲ್ಲಿ ಒಬ್ಬರೇ. ಅದಕ್ಕಿಂತ ಗೊತ್ತಿರುವ ಊರಲ್ಲಿ ಒಬ್ಬರೇ ಇರುವುದು ಒಳ್ಳೆಯದಲ್ವಾ? ಅತ್ತೆಯ ಬಗ್ಗೆ ಯಾರೂ ಮಾತೇ ಆಡಲಿಲ್ಲ ಇಲ್ಲಿ. ಕಾರ್ಡ್ ಇದ್ದರೆ ಆಯಿತಾ? 71 ವರ್ಷದವರು ತಮ್ಮ ಬಾವಿ, ತೆಂಗು ಬಿಟ್ಟು ಝಾನ್ಸಿಯ ಎರಡು ಕೋಣೆಯಲ್ಲಿ ಕೂರುತ್ತಾರಾ?

ಐದು ಶಾಲೆ ಹುಡುಗ:

ನಾನು ಸೈನಿಕನ ಮಗ, ಈಗ ಸುರತ್ಕಲ್ಲಿನಲ್ಲಿ ಕೆಲಸ. ಐದು ಶಾಲೆ ಬದಲಿಸಿದ್ದೇನೆ. ನಷ್ಟ ಏನು ಅಂದರೆ ಕನ್ನಡ ಓದಲು ತಡವರಿಸುತ್ತಿದ್ದೆ. ಅಜ್ಜಿ ಕಾಗದ ಬರೆದರೆ ಅಪ್ಪನೇ ಓದಿ ಹೇಳಬೇಕಿತ್ತು. ಈಗಲೂ ನನಗೆ ಒತ್ತಕ್ಷರ ಅಂದರೆ ಭಯ, ಈ ಪೋಸ್ಟನ್ನು ಎರಡು ಸಲ ತಿದ್ದಿದ್ದೇನೆ. ಆಂಟಿ, ಹೋದರೆ ನಿಮ್ಮ ಮಗನಿಗೆ ದಿನಾ ಒಂದು ಪುಟ ಕನ್ನಡ ಓದಿಸಿ. ಮಗಳಿಗಂತೂ ಬಿಡಲೇಬೇಡಿ, ಅವಳಿಗೆ ಅಕ್ಷರ ಇನ್ನೂ ಗಟ್ಟಿ ಆಗಿರುವುದಿಲ್ಲ.

ಇನ್ನೊಂದು ವಿಷಯ. "ಪಪ್ಪ ಯಾವಾಗ ಹೋಗುವುದು" ಅಂತ ನಾನೂ ಕೇಳಿದ್ದೇನೆ. ಅಪ್ಪ ಹೋಗಲಿ ಅಂತಲೇ ಕೇಳಿದ್ದು ಅಂತ ಇಲ್ಲ. ಎಷ್ಟು ದಿನ ಉಂಟು ಅಂತ ಗೊತ್ತಿದ್ದರೆ ಹೋಗುವ ದಿನ ಅಳು ಬರುವುದಿಲ್ಲ, ಅದಕ್ಕೆ. ನಿಮ್ಮ ಮಗ ಯಾಕೆ ಕೇಳಿದ ಅಂತ ನನಗೆ ಗೊತ್ತಿಲ್ಲ. ಅವನನ್ನೇ ಕೇಳಿ.

ಕುಂಜಿಬೆಟ್ಟು ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಉತ್ತರ ಕೊಡಲು ಆಗಲಿಲ್ಲ. ಮಳೆ ರಜೆ ಕೊಟ್ಟಿದ್ದರು, ಮಕ್ಕಳು ಮನೆಯಲ್ಲಿ.

ಮಗನನ್ನು ಕೇಳಿದೆ. ನೇರ ಉತ್ತರ ಕೊಡಲಿಲ್ಲ. "ಐದಕ್ಕೆ ಏಳುವುದು ಬೇಡ, ಆರಕ್ಕಾದರೆ ಸರಿ" ಅಂದ. ಅಷ್ಟೇ. ಅದನ್ನೇ ರಾತ್ರಿ ಫೋನಲ್ಲಿ ಇವರಿಗೆ ಹೇಳಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಸಿಗ್ನಲ್ ಹೋಯಿತು ಅಂದುಕೊಂಡೆ. ಆಮೇಲೆ "ಐದೂವರೆ" ಅಂದರು. ಫೋನು ಮಗನ ಕೈಗೆ ಕೊಟ್ಟೆ, ಇಬ್ಬರೂ ಚರ್ಚೆ ಮಾಡಿದರು. ಇನ್ನೂ ತೀರ್ಮಾನ ಆಗಿಲ್ಲ.

ಕಾರವಾರದವರೇ, ನೀವು ಹೇಳಿದ್ದು ಸರಿ. ಅತ್ತೆಯನ್ನು ಕೇಳಿದ್ದಕ್ಕೆ "ನಾನು ಎಲ್ಲಿಗೂ ಇಲ್ಲ, ನೀನು ಹೋಗು, ನಿನ್ನ ಸ್ಕೂಟರಿನ ಶಬ್ದ ಕೇಳಿ ಕೇಳಿ ನನಗೂ ಸಾಕಾಗಿದೆ" ಅಂದರು. ಹಾಗೆ ಹೇಳಿದವರು ಹೊರಡುವಾಗ ಮಾವಿನ ಮಿಡಿ ಉಪ್ಪಿನಕಾಯಿ ಜಾಡಿ ಕೊಟ್ಟು, ಮುಂದಿನ ಶನಿವಾರ ಜಾಡಿ ವಾಪಸ್ ತರಲು ಹೇಳಿದರು. ಸದ್ಯಕ್ಕೆ ನನ್ನ ನಾದಿನಿ ಕುಂದಾಪುರದಿಂದ ವಾರಕ್ಕೊಮ್ಮೆ ಬಂದು ನೋಡಿಕೊಳ್ಳುತ್ತೇನೆ ಅಂದಿದ್ದಾಳೆ. ಬರುತ್ತಾಳಾ ಅಂತ ಎರಡು ತಿಂಗಳು ನೋಡಿಯೇ ನಂಬುವುದು. ಉಡುಪಿ ಮನೆ ಬಿಡುವುದಿಲ್ಲ. ಇವರು ಮಾರ್ಚಲ್ಲಿ ಹೋಗಿ ಕ್ವಾರ್ಟರ್ಸಿಗೆ ಹೆಸರು ಹಾಕಲಿ. ಸಿಕ್ಕಿದರೆ ಮಂಗಳಾ ಎಕ್ಸ್‌ಪ್ರೆಸ್ ಉಂಟು, ಇಂದ್ರಾಳಿಯ ಉಡುಪಿ ಸ್ಟೇಷನ್ನಲ್ಲಿ ಹತ್ತಿದರೆ ಝಾನ್ಸಿಯಲ್ಲೇ ಇಳಿಯುವುದು.

ಕಾರ್ಕಳದಕ್ಕ, ಒಂದು ಕೇಳುವುದು ಮರೆತೆ. ಅಲ್ಲಿ ಕುಚ್ಚಲಕ್ಕಿ ಸಿಗುತ್ತದಾ?

ಕಾರ್ಕಳದಕ್ಕ:

ನಾನಿದ್ದಾಗ ಸಿಗುತ್ತಿರಲಿಲ್ಲ. ಕಪ್ಪು ಟ್ರಂಕಲ್ಲಿ 25 ಕೆಜಿ ಹಾಕಿ, ಮೇಲೆ ಬಟ್ಟೆ ಇಡಿ. ಟ್ರಂಕ್ ಎತ್ತುವ ಕೆಲಸ ನಿಮ್ಮವರಿಗೇ ಬಿಡಿ.