ಹಬ್ ತಪ್ಪೋ, ಪ್ರಿಂಟರ್ ತಪ್ಪೋ?

ಮಾವ (ಫಾರ್ವರ್ಡ್ ಮಾಡಿದ್ದು): ಎಚ್ಚರಿಕೆ! ಪ್ರಿಂಟರನ್ನು ಯುಎಸ್‌ಬಿ ಹಬ್‌ಗೆ (ಒಂದು ಯುಎಸ್‌ಬಿ ಪೋರ್ಟನ್ನು ಹಲವು ಪೋರ್ಟ್ ಮಾಡುವ ಡಬ್ಬಿಗೆ) ಹಾಕಬೇಡಿ. ಅದಕ್ಕೆ ಬೇಕಾದಷ್ಟು ಕರೆಂಟ್ ಹಬ್ ಕೊಡುವುದಿಲ್ಲ. ಪ್ರಿಂಟರ್‌ನ ಬೋರ್ಡ್ ಸುಟ್ಟು ಹೋಗುತ್ತದೆ. ಎಲ್ಲರಿಗೂ ತಿಳಿಸಿ.

ಮಾವ: ತಂಗಿ, ನಿನ್ನ ಪ್ರಿಂಟರ್‌ಗೂ ಇದೇ ಆಗಿರುವುದು ನೋಡು.

ಚಿಕ್ಕಮ್ಮ: ಹೌದಾ ಅಣ್ಣ? ಹಬ್ ತಂದ ಮೇಲೆಯೇ ಈ ಕಾಟ ಶುರುವಾಯಿತು. ಎರಡು ಪುಟ ಬರುತ್ತದೆ, ಮೂರನೆಯದು ಅರ್ಧಕ್ಕೇ ನಿಲ್ಲುತ್ತದೆ. ಹೊಸದೇ ತಗೊಳ್ಳಬೇಕಾ?

ನಾನು: ಬೇಡ ಚಿಕ್ಕಮ್ಮ, ಸ್ವಲ್ಪ ತಡೆಯಿರಿ. ಮಾವ, ಈ ಮೆಸೇಜ್ ಸರಿಯಿಲ್ಲ. ಪ್ರಿಂಟರ್ ಕರೆಂಟ್ ತಗೊಳ್ಳುವುದು ಗೋಡೆಯ ಪ್ಲಗ್‌ನಿಂದ. ಯುಎಸ್‌ಬಿ ಕೇಬಲ್‌ನಲ್ಲಿ ಹೋಗುವುದು ಪ್ರಿಂಟ್ ಮಾಡಬೇಕಾದ ಮಾಹಿತಿ. ಹಬ್‌ನಿಂದ ಬೋರ್ಡ್ ಯಾಕೆ ಸುಡುತ್ತದೆ?

ಅಕ್ಕ: ಹಾಗಾದರೆ ಹಬ್‌ದೇನೂ ತಪ್ಪಿಲ್ಲ ಅಂತಾಯಿತು. ಪ್ರಿಂಟರೇ ಕೆಟ್ಟಿದೆ. ನೀನೇ ಹೇಳಿದ ಹಾಗೆ ಕರೆಂಟಿಗೂ ಅದಕ್ಕೂ ಸಂಬಂಧವೇ ಇಲ್ಲವಲ್ಲ.

ನಾನು: ಅಷ್ಟು ಬೇಗ ತೀರ್ಮಾನ ಮಾಡಬೇಡ ಅಕ್ಕ. ಪ್ರಿಂಟರ್‌ಗೆ ಬೇಡ, ಆದರೆ ಹಬ್‌ಗೆ ಕರೆಂಟ್ ಬೇಕಲ್ವಾ? ಚಿಕ್ಕಮ್ಮ, ಹಬ್‌ಗೆ ಬೇರೆ ಅಡಾಪ್ಟರ್ ಇದೆಯಾ? ಅದಕ್ಕೆ ಏನೇನು ಹಾಕಿದ್ದೀರಿ?

ಚಿಕ್ಕಮ್ಮ: ಅಡಾಪ್ಟರ್ ಇಲ್ಲ, ಲ್ಯಾಪ್‌ಟಾಪ್‌ಗೆ ಚುಚ್ಚಿದ್ದೇನೆ ಅಷ್ಟೇ. ಮೌಸ್, ಕೀಬೋರ್ಡ್, ಫೋಟೋ ಇರುವ ಹಾರ್ಡ್ ಡಿಸ್ಕ್, ಪ್ರಿಂಟರ್.

ನಾನು: ಪ್ರಿಂಟ್ ಅರ್ಧಕ್ಕೆ ನಿಂತಾಗ ಮೌಸ್ ಕೂಡ ಒಂದು ಕ್ಷಣ ನಿಲ್ಲುತ್ತದಾ?

ಚಿಕ್ಕಮ್ಮ: ಅರೆ, ಹೌದು! ಟುಂಯ್ ಅಂತ ಒಂದು ಸದ್ದು ಬರುತ್ತದೆ, ಬಾಣ ಅಲ್ಲೇ ನಿಲ್ಲುತ್ತದೆ, ಆಮೇಲೆ ಓಡಾಡುತ್ತದೆ. ಮೌಸ್ ಹಳೆಯದಾಯಿತು ಅಂದುಕೊಂಡಿದ್ದೆ.

ನಾನು: ಅದು ಮೌಸ್ ತಪ್ಪಲ್ಲ. ಆ ಕ್ಷಣದಲ್ಲಿ ಹಬ್ಬೇ ಆಫ್ ಆಗಿ ಮತ್ತೆ ಆನ್ ಆಗುತ್ತಿದೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್. ಅಡಾಪ್ಟರ್ ಇಲ್ಲದ ಹಬ್ ಅಷ್ಟರಲ್ಲೇ ತಾನೂ ಬದುಕಬೇಕು, ನಾಲ್ಕು ಜನಕ್ಕೂ ಹಂಚಬೇಕು. ಲೆಕ್ಕದ ಪ್ರಕಾರ ಒಂದೊಂದು ಪೋರ್ಟ್‌ಗೆ 100. ಹಾರ್ಡ್ ಡಿಸ್ಕ್ ತಿರುಗಲು ಶುರು ಮಾಡಿದರೆ ಅದೊಂದೇ ಅದಕ್ಕಿಂತ ತುಂಬಾ ಜಾಸ್ತಿ ಎಳೆಯುತ್ತದೆ. ವೋಲ್ಟೇಜ್ ಬೀಳುತ್ತದೆ, ಹಬ್ ನಿಲ್ಲುತ್ತದೆ, ಪ್ರಿಂಟರ್‌ಗೆ ಬರುತ್ತಿದ್ದ ಪುಟ ನಡುವೆಯೇ ತುಂಡಾಗುತ್ತದೆ.

ಮಾವ: ಅಂದರೆ ಕರೆಂಟ್ ಸಾಲುತ್ತಿಲ್ಲ. ಮೆಸೇಜ್ ಹೇಳಿದ್ದೂ ಅದೇ ಅಲ್ವೇನಪ್ಪಾ?

ನಾನು: ಸಾಲದೆ ಇರುವುದು ಹಬ್‌ಗೆ, ಮಾವ. ಅದು ನಿಜ. ಸುಡುತ್ತದೆ ಅನ್ನುವುದು ಸುಳ್ಳು. ಅದನ್ನು ಓದಿದವರು ಚೆನ್ನಾಗಿರುವ ಪ್ರಿಂಟರ್ ಎಸೆದುಬಿಡುತ್ತಾರೆ, ಅದಕ್ಕೇ ಇಷ್ಟು ಹೇಳುತ್ತಿರುವುದು. ಚಿಕ್ಕಮ್ಮ, ಹಬ್ ಬಿಟ್ಟು ಪ್ರಿಂಟರನ್ನು ನೇರವಾಗಿ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿ.

ಚಿಕ್ಕಮ್ಮ: ಹಾಕಿದೆ. ಈಗ ಒಂದು ಪುಟವೂ ಬರುತ್ತಿಲ್ಲ!

ಮಾವ: ನೋಡಿದಿರಾ? ನೇರ ಹಾಕಿದರೂ ಇಲ್ಲ. ಸುಟ್ಟಿದೆ ಅಂತಲೇ ಅರ್ಥ.

ಅಕ್ಕ: ನಾನೂ ಅದನ್ನೇ ಹೇಳಿದ್ದು. ಸುಮ್ನೆ ಚಿಕ್ಕಮ್ಮನನ್ನು ಓಡಾಡಿಸುತ್ತಿದ್ದೀಯ.

ತಮ್ಮ: ಚಿಕ್ಕಮ್ಮ, ಅದರಲ್ಲಿ ಜೆರಾಕ್ಸ್ ಕೂಡ ತೆಗೆಯಬಹುದಲ್ವಾ? ಯುಎಸ್‌ಬಿ ಕೇಬಲ್ ತೆಗೆದುಬಿಡಿ. ಗಾಜಿನ ಮೇಲೆ ಒಂದು ಹಾಳೆ ಇಟ್ಟು ಕಾಪಿ ಬಟನ್ ಒತ್ತಿ. ಕಂಪ್ಯೂಟರೇ ಬೇಡ.

ಚಿಕ್ಕಮ್ಮ: ಬಂತು ಮರಿ! ಪೂರ್ತಿ ಬಂತು, ಸ್ವಚ್ಛವಾಗಿದೆ.

ನಾನು: ಒಳ್ಳೇ ಐಡಿಯಾ ತಮ್ಮ. ಪ್ರಿಂಟರ್ ಗಟ್ಟಿಯಾಗಿದೆ. ಚಿಕ್ಕಮ್ಮ, ಕೇಬಲ್ ಮತ್ತೆ ನೇರವಾಗಿ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್‌ಗಳ ಪಟ್ಟಿ ತೆಗೆಯಿರಿ. ಒಂದೇ ಹೆಸರಿದೆಯಾ?

ಚಿಕ್ಕಮ್ಮ: ಎರಡಿವೆ. ಒಂದರ ಪಕ್ಕದಲ್ಲಿ ‘ಕಾಪಿ 1’ ಅಂತಿದೆ. ಅದೇ ಡೀಫಾಲ್ಟ್, ಆದರೆ ಆಫ್‌ಲೈನ್ ಅಂತ ತೋರಿಸುತ್ತಿದೆ.

ನಾನು: ಅದೇ! ಕೆಲವು ಪ್ರಿಂಟರ್‌ಗಳು ಕಂಪ್ಯೂಟರ್‌ಗೆ ತಮ್ಮ ಸೀರಿಯಲ್ ನಂಬರ್ ಹೇಳುವುದಿಲ್ಲ. ಹಾಗಾಗಿ ಬೇರೆ ಪೋರ್ಟ್‌ಗೆ ಹಾಕಿದರೆ ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಅಂದುಕೊಳ್ಳುತ್ತದೆ. ನೀವು ಮೊದಲು ನೇರ ಹಾಕಿದ ಜಾಗಕ್ಕೆ ವಿಂಡೋಸ್ ಕೊಟ್ಟ ಹೆಸರು ಯುಎಸ್‌ಬಿ001. ಹಬ್‌ಗೆ ಹಾಕಿದಾಗ ಯುಎಸ್‌ಬಿ002, ಅದಕ್ಕೇ ಈ ಕಾಪಿ 1. ಈಗ ಪ್ರಿಂಟರ್ ಹಳೇ ಜಾಗಕ್ಕೆ ಬಂದಿದೆ, ನೀವು ಕೊಟ್ಟ ಪುಟಗಳು ಮಾತ್ರ ಇನ್ನೂ ಕಾಪಿ 1ರ ಸಾಲಿನಲ್ಲೇ ಕಾಯುತ್ತಿವೆ. ಅವನ್ನು ಕ್ಯಾನ್ಸಲ್ ಮಾಡಿ, ಹಳೇ ಹೆಸರು ಆರಿಸಿ ಮತ್ತೆ ಕೊಡಿ.

ಚಿಕ್ಕಮ್ಮ: ಬರುತ್ತಿದೆ! ಮೂರನೇ ಪುಟ ದಾಟಿತು!

ಅಕ್ಕ: ಸರಿ, ಒಪ್ಪಿದೆ. ತೊಂದರೆ ಒಂದಲ್ಲ, ಎರಡಿತ್ತು. ಒಂದು ಹಬ್‌ನದು, ಇನ್ನೊಂದು ಹೆಸರಿನದು.

ಮಾವ: ಆದರೂ ಹಬ್‌ಗೆ ಹಾಕದಿರುವುದೇ ಒಳ್ಳೆಯದಲ್ವಾ? ಪ್ರಿಂಟರ್ ಜೊತೆ ಬಂದ ಪುಸ್ತಕದಲ್ಲೂ ನೇರವಾಗಿ ಹಾಕಿ ಅಂತಲೇ ಇರುತ್ತದೆ.

ನಾನು: ಎರಡು ಪೋರ್ಟ್ ಇರುವ ಲ್ಯಾಪ್‌ಟಾಪ್‌ನಲ್ಲಿ ಏನು ಮಾಡುವುದು ಮಾವ? ನೇರ ಹಾಕಲು ಜಾಗವಿದ್ದರೆ ಅದೇ ಒಳ್ಳೆಯದು, ಇಲ್ಲ ಅನ್ನುವುದಿಲ್ಲ. ಆದರೆ ಹಬ್ ಅಂದರೆ ಅಪಾಯ ಅಂತಲ್ಲ. ಯುಎಸ್‌ಬಿ ನಿಯಮದಲ್ಲೇ ಒಂದರ ಹಿಂದೆ ಒಂದರಂತೆ ಐದು ಹಬ್‌ಗಳವರೆಗೆ ಅವಕಾಶ ಇದೆ. ಕರೆಂಟ್ ಸಾಲಬೇಕು ಅಷ್ಟೇ.

ತಮ್ಮ: ಹಾಗಾದರೆ ಅಡಾಪ್ಟರ್ ಇರುವ ಹಬ್ ತಗೊಳ್ಳಿ ಚಿಕ್ಕಮ್ಮ.

ನಾನು: ಈಗಲೇ ಏನೂ ಕೊಳ್ಳುವುದು ಬೇಡ. ಹಾರ್ಡ್ ಡಿಸ್ಕ್ ನೇರ ಹಾಕಿ, ಪ್ರಿಂಟರನ್ನು ಹಬ್‌ನ ಅದೇ ಪೋರ್ಟ್‌ಗೆ ವಾಪಸ್ ಹಾಕಿ. ಆಮೇಲೆ ಕಾಪಿ 1 ಆರಿಸಿ ಹತ್ತು ಪುಟ ಒಟ್ಟಿಗೆ ಕೊಡಿ. ಮೌಸ್ ಮೇಲೂ ಕಣ್ಣಿರಲಿ.

ಮಾವ: ಆ ಮೆಸೇಜ್ ಇನ್ನೂ ಎರಡು ಗುಂಪಿಗೆ ಕಳಿಸಿದ್ದೆ. ಅಲ್ಲೂ ಅಳಿಸಿ, ಸುಡುವುದಿಲ್ಲ ಅಂತ ಬರೆಯುತ್ತೇನೆ.

ಚಿಕ್ಕಮ್ಮ: ಎಂಟನೇ ಪುಟ ಬರುತ್ತಿದೆ. ಮೌಸ್ ಒಂದು ಸಲವೂ ನಿಂತಿಲ್ಲ.