ಬಾಣಂತನ ಮುಗಿದ ಮೇಲೆ ಮತ್ತೆ ಓಟ: ಸೆಪ್ಟೆಂಬರ್ ಹಾಫ್ ಮ್ಯಾರಥಾನ್‌ಗೆ ಈಗಿನಿಂದ ತಯಾರಿ ಹೇಗೆ?

ಕುಕ್ಕರಹಳ್ಳಿ_ಓಟ

ಎಲ್ಲರಿಗೂ ನಮಸ್ಕಾರ. ಮೈಸೂರಿನವಳು. ಮದುವೆಗೆ ಮುಂಚಿನಿಂದಲೂ ಓಡುತ್ತಿದ್ದೆ, ಹಾಫ್ (21 ಕಿ.ಮೀ.) ಎರಡು ಗಂಟೆ ಐದು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಿದ್ದೆ. ಆಮೇಲೆ ಬಸಿರು, ಬಾಣಂತನ ಅಂತ ಎಲ್ಲಾ ನಿಂತುಹೋಯಿತು. ಮಗಳಿಗೆ ಈಗ ಹತ್ತು ತಿಂಗಳು, ಇನ್ನೂ ಎದೆಹಾಲು ಕುಡಿಯುತ್ತಾಳೆ. ನಾರ್ಮಲ್ ಹೆರಿಗೆ, ಡಾಕ್ಟರು ಓಡಬಹುದು ಅಂದಿದ್ದಾರೆ.

ಕೆರೆ ಏರಿ ಮೇಲೆ ಬಿರುಸಾಗಿ ನಡೆಯುತ್ತಾ ನಡುನಡುವೆ ಓಡುತ್ತಿದ್ದೇನೆ. ಉಸಿರು ಪರವಾಗಿಲ್ಲ. ಆದರೆ ಮರುದಿನ ಮೀನಖಂಡ ಕಲ್ಲಿನ ಹಾಗೆ ಬಿಗಿದಿರುತ್ತೆ. ಇನ್ನೊಂದು ವಿಷಯ, ಇಳಿಜಾರಿನಲ್ಲಿ ಓಡುವಾಗ ಒಂದೆರಡು ಹನಿ ಮೂತ್ರ ಹೋಗುತ್ತೆ. ಅಮ್ಮನಿಗೆ ಹೇಳಿದರೆ "ಹೆತ್ತ ಮೇಲೆ ಎಲ್ಲರಿಗೂ ಇದ್ದದ್ದೇ, ಓಡೋದು ಬಿಡು" ಅಂತಾರೆ. ಬಿಡುವ ಮನಸ್ಸು ನನಗಿಲ್ಲ.

ಸೆಪ್ಟೆಂಬರಿನಲ್ಲಿ ರಂಗನತಿಟ್ಟಿನ ಹತ್ತಿರ ಕಾವೇರಿ ಟ್ರೇಲ್ ಹಾಫ್ ಓಡಬೇಕು ಅಂತ ತುಂಬಾ ಆಸೆ. ಈಗ ಏಪ್ರಿಲ್. ಇಷ್ಟು ಸಮಯ ಸಾಕಾ? ವಾರಕ್ಕೆ ಎಷ್ಟು ದಿನ ಓಡಬೇಕು? ಹಳೇ ಪೇಸ್‌ಗೆ ಯಾವಾಗ ಕೈ ಹಾಕಬಹುದು?

ಫಿಸಿಯೊ_ಹುಬ್ಬಳ್ಳಿ

ಮೊದಲು ಆ ಹನಿಗಳ ವಿಷಯ. ಇದನ್ನು ಬರೆದದ್ದು ಒಳ್ಳೆಯದಾಯಿತು, ಯಾಕಂದ್ರೆ ಹೆಚ್ಚಿನವರು ಇದನ್ನು ಬಾಯಿ ಬಿಟ್ಟು ಹೇಳದೆ ಓಟವನ್ನೇ ಬಿಡುತ್ತಾರೆ. ಇದು ತುಂಬಾ ಜನರಿಗೆ ಆಗುತ್ತೆ, ನಿಜ. ಹಾಗಂತ ಸುಮ್ನೆ ಸಹಿಸಿಕೊಂಡಿರಬೇಕಾಗಿಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು-ಮೂರು ಪಟ್ಟು ಭಾರ ನೆಲದಿಂದ ಮೇಲಕ್ಕೆ ಬರುತ್ತೆ. ಗರ್ಭಕೋಶ, ಮೂತ್ರಕೋಶಗಳನ್ನು ಕೆಳಗಿನಿಂದ ಹಿಡಿದಿರುವ ಪೆಲ್ವಿಕ್ ಫ್ಲೋರ್ ಸ್ನಾಯುಗಳು ಹೆರಿಗೆಯಲ್ಲಿ ಹಿಗ್ಗಿ ಸಡಿಲವಾಗಿದ್ದರೆ ಆ ಭಾರ ತಡೆಯಲ್ಲ. ಇಳಿಜಾರಿನಲ್ಲಿ ಪೆಟ್ಟು ಜಾಸ್ತಿ, ಅದಕ್ಕೇ ಅಲ್ಲಿ ಗೊತ್ತಾಗುತ್ತೆ.

ಆ ಸ್ನಾಯುಗಳನ್ನು ಒಳಕ್ಕೂ ಮೇಲಕ್ಕೂ ಎಳೆದು ಹತ್ತು ಸೆಕೆಂಡು ಹಿಡಿದು ಬಿಡಿ, ಹೀಗೆ ಹತ್ತು ಸಲ. ಆಮೇಲೆ ಬೇಗ ಬೇಗ ಹತ್ತು ಸಲ. ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬೇಡಿ. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ಬೇಡ. ಈ ಕೆಲಸ ಗೊತ್ತಿರುವ ಫಿಸಿಯೊ ಒಬ್ಬರನ್ನು ಒಮ್ಮೆ ಖುದ್ದಾಗಿ ನೋಡಿ, ಎಷ್ಟೋ ಜನ ಸರಿಯಾಗಿ ಎಳೆಯುತ್ತಿದ್ದೇವೆ ಅಂದುಕೊಂಡು ಕೆಳಕ್ಕೆ ತಳ್ಳುತ್ತಿರುತ್ತಾರೆ. ಕೆಳಗೆ ಭಾರ, ಏನೋ ಜಾರಿ ಬರುತ್ತಿರುವ ಹಾಗೆ ಅನ್ನಿಸಿದರೆ ಓಟ ನಿಲ್ಲಿಸಿ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ.

ಬ್ರಿಟನ್ನಿನ ಫಿಸಿಯೊಗಳು 2019ರಲ್ಲಿ ತಂದ ಮಾರ್ಗಸೂಚಿಯಲ್ಲಿ ಹೆರಿಗೆಯಾಗಿ 12 ವಾರಕ್ಕೆ ಮುಂಚೆ ಓಡಬೇಡಿ ಅಂತಿದೆ. ಅದನ್ನು ನೀವು ಯಾವಾಗಲೋ ದಾಟಿದ್ದೀರಿ. ಆದರೆ ಅದರಲ್ಲಿರುವ ಪರೀಕ್ಷೆಗಳು ಈಗಲೂ ಕೆಲಸಕ್ಕೆ ಬರುತ್ತವೆ: ಅರ್ಧ ಗಂಟೆ ನಡಿಗೆ, ಒಂಟಿ ಕಾಲಲ್ಲಿ ಹತ್ತು ಸೆಕೆಂಡು ನಿಲ್ಲುವುದು, ನಿಂತಲ್ಲೇ ಒಂದು ನಿಮಿಷ ಜಾಗ್, ಒಂದೊಂದು ಕಾಲಲ್ಲೂ ಹತ್ತು ಕುಪ್ಪಳಿಕೆ. ನೋವು, ಸೋರಿಕೆ, ಭಾರ ಏನೂ ಇಲ್ಲದೆ ಇಷ್ಟು ಆದರೆ ಮುಂದಕ್ಕೆ ಹೋಗಿ.

ಕಬ್ಬನ್_ಪಾರ್ಕ್_ಭಾನುವಾರ

ಮೇಡಂ, ಫಿಸಿಯೊ ಹೇಳಿದ್ದನ್ನು ಮೊದಲು ಮಾಡಿ. ನನ್ನದು ಟ್ರೈನಿಂಗ್ ಬಗ್ಗೆ.

ಉಸಿರು ಪರವಾಗಿಲ್ಲ ಅಂದಿರಲ್ಲ, ಎಚ್ಚರ ಬೇಕಾಗಿರೋದು ಅಲ್ಲೇ. ಹೃದಯ, ಶ್ವಾಸಕೋಶ ಕೆಲವೇ ವಾರದಲ್ಲಿ ದಾರಿಗೆ ಬರುತ್ತವೆ, ಸ್ನಾಯುರಜ್ಜು ಮತ್ತು ಎಲುಬಿಗೆ ತಿಂಗಳುಗಳೇ ಬೇಕು. ಜೊತೆಗೆ ಹಾಲುಣಿಸುವಾಗ ಎಲುಬಿನ ಕ್ಯಾಲ್ಸಿಯಂ ಸ್ವಲ್ಪ ಇಳಿದಿರುತ್ತೆ, ಹಾಲು ಬಿಡಿಸಿದ ಮೇಲೆ ವಾಪಸ್ ತುಂಬಿಕೊಳ್ಳುತ್ತೆ. ಹಾಗಾಗಿ ಉಸಿರನ್ನು ನಂಬಿ ಓಟ ಜಾಸ್ತಿ ಮಾಡಬೇಡಿ. ಮೀನಖಂಡ ಎರಡೂ ಕಡೆ ಬಿಗಿದು ಎರಡು ದಿನದಲ್ಲಿ ಸಡಿಲವಾದರೆ ಚಿಂತೆಯಿಲ್ಲ. ಕಾಲಿನ ಮುಂದಿನ ಎಲುಬಿನ ಮೇಲೆ ಬೆರಳಿಟ್ಟು ಒತ್ತಿದರೆ ಒಂದೇ ಜಾಗದಲ್ಲಿ ನೋಯುತ್ತಿದ್ದರೆ ಓಡಬೇಡಿ, ಡಾಕ್ಟರಿಗೆ ತೋರಿಸಿ.

ಜೂನ್ ಮಧ್ಯದವರೆಗೆ ವಾರಕ್ಕೆ ಮೂರೇ ದಿನ, ಎರಡು ನಿಮಿಷ ಓಟ ಒಂದು ನಿಮಿಷ ನಡಿಗೆ, ನಿಧಾನವಾಗಿ ಓಟದ ಪಾಲು ಹೆಚ್ಚಿಸಿ. ಪಕ್ಕದವರ ಹತ್ತಿರ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ವೇಗ, ಅದಕ್ಕಿಂತ ಜಾಸ್ತಿ ಬೇಡ. ನಾಲ್ಕನೇ ವಾರ ಬಂದಾಗಲೆಲ್ಲ ದೂರ ಇಳಿಸಿ. ಮೆಟ್ಟಿಲಂಚಿನಲ್ಲಿ ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದನ್ನು ಒಂದು ದಿನ ಬಿಟ್ಟು ಒಂದು ದಿನ ಮಾಡಿ, ಮೀನಖಂಡಕ್ಕೆ ಇದಕ್ಕಿಂತ ಒಳ್ಳೇ ಔಷಧಿ ಇಲ್ಲ. ಚಾಮುಂಡಿ ಬೆಟ್ಟ ಹತ್ತಿ, ಆದರೆ ಸೋರಿಕೆ ನಿಲ್ಲುವವರೆಗೆ ಇಳಿಯುವಾಗ ನಡೆದೇ ಇಳಿಯಿರಿ.

ಜುಲೈನಿಂದ ನಾಲ್ಕನೇ ದಿನ ಸೇರಿಸಿ. ಭಾನುವಾರದ ಲಾಂಗ್ ರನ್ ಆಗಸ್ಟ್ ಕೊನೆಯ ಹೊತ್ತಿಗೆ 16-18 ಕಿ.ಮೀ. ಮುಟ್ಟಿದರೆ ಧಾರಾಳ, 21 ಓಡಿ ನೋಡುವ ಅಗತ್ಯವಿಲ್ಲ. ಟೆಂಪೊ (ಒಂದೇ ಸಮನೆ ಸ್ವಲ್ಪ ಬಿರುಸಾಗಿ ಓಡುವುದು) ಆಗಸ್ಟಿನಲ್ಲಿ, ಅದೂ ವಾರಕ್ಕೆ ಒಮ್ಮೆ. ಕೊನೆಯ ಹತ್ತು ದಿನ ದೂರ ಅರ್ಧಕ್ಕೆ ಇಳಿಸಿ. 2:05 ಈ ವರ್ಷದ ಗುರಿಯಾಗುವುದು ಬೇಡ ಅಂತ ನನ್ನ ಅಭಿಪ್ರಾಯ. ಕಾವೇರಿ ಟ್ರೇಲ್ ನಡೆಯುವ ನಾಲೆ ಏರಿಯ ಮಣ್ಣಿನ ದಾರಿ ಸಮತಟ್ಟಾಗಿದೆ, ಆದರೆ ಹೊತ್ತೇರಿದ ಮೇಲೆ ಬಿಸಿಲು ಚುರುಗುಟ್ಟುತ್ತೆ. ಆಗಸ್ಟಿನಲ್ಲಿ ಒಂದೆರಡು ಲಾಂಗ್ ರನ್ ಬೇಕಂತಲೇ ತಡವಾಗಿ ಶುರು ಮಾಡಿ.

ಎರಡು_ಮಕ್ಕಳ_ತಾಯಿ

ಅಕ್ಕ, ನಿದ್ದೆ ಬಗ್ಗೆ ಯಾರೂ ಹೇಳಿಲ್ಲ. ಮಗು ರಾತ್ರಿಯೆಲ್ಲ ಎಬ್ಬಿಸಿದ ಬೆಳಗ್ಗೆ ಅಲಾರಂ ಆಫ್ ಮಾಡಿ ಮಲಗಿಬಿಡಿ. ತಪ್ಪಿದ ಓಟವನ್ನು ಮರುದಿನದ್ದಕ್ಕೆ ಸೇರಿಸಬೇಡಿ, ಹೋದದ್ದು ಹೋಯಿತು.

ಹಾಲು ಕೊಟ್ಟು ಆದ ಮೇಲೆ ಹೊರಡಿ, ಎದೆ ಹಗುರವಾಗಿರುತ್ತೆ. ಗಟ್ಟಿ ಸ್ಪೋರ್ಟ್ಸ್ ಬ್ರಾ ಹೊಸದಾಗಿ ಕೊಳ್ಳಿ, ಹಳೇ ಅಳತೆ ಆಗಲ್ಲ. ಹಾಲುಣಿಸುವುದಕ್ಕೇ ದಿನಕ್ಕೆ 400-500 ಕ್ಯಾಲೊರಿ ಹೆಚ್ಚು ಬೇಕು, ಅದರ ಮೇಲೆ ಓಟ, ಹಾಗಾಗಿ ತೂಕ ಇಳಿಸುವ ಯೋಚನೆ ಈಗ ಬೇಡವೇ ಬೇಡ. ಅಮ್ಮ ಮಾಡಿಕೊಟ್ಟ ಅಂಟಿನುಂಡೆ ಉಳಿದಿದ್ದರೆ ಓಡುವ ಮುಂಚೆ ಅರ್ಧ ತಿನ್ನಿ, ಬಂದ ಮೇಲೆ ರಾಗಿ ಗಂಜಿ, ಮೊಟ್ಟೆ. ರಕ್ತ ಪರೀಕ್ಷೆ ಮಾಡಿಸುವಾಗ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ನೋಡಿಸಿ. ಹಿಮೋಗ್ಲೋಬಿನ್ ಸರಿ ಇದ್ದೂ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು, ಆಗ ಎಷ್ಟು ಟ್ರೈನಿಂಗ್ ಮಾಡಿದರೂ ಕಾಲು ಎಳೆಯುತ್ತಲೇ ಇರುತ್ತೆ.

ಕುಕ್ಕರಹಳ್ಳಿ_ಓಟ

ತುಂಬಾ ಥ್ಯಾಂಕ್ಸ್, ಎಲ್ಲರಿಗೂ. ಈ ವಾರವೇ ಫಿಸಿಯೊ ಹತ್ತಿರ ಹೋಗುತ್ತೇನೆ. ಸೋರಿಕೆ ಬೇಗ ನಿಲ್ಲದಿದ್ದರೆ ಹಾಫ್ ಆಸೆ ಬಿಡಬೇಕಾ?

ಕಬ್ಬನ್_ಪಾರ್ಕ್_ಭಾನುವಾರ

ಈಗಲೇ ಬಿಡಬೇಡಿ. ಜುಲೈ ಕೊನೆಗೆ ಸೋರಿಕೆ, ನೋವು ಇಲ್ಲದೆ 10 ಕಿ.ಮೀ. ಆರಾಮಾಗಿ ಓಡಲು ಆದರೆ ಹಾಫ್‌ಗೆ ಹೋಗಿ. ಆಗದಿದ್ದರೆ ಅದೇ ದಾರಿಯಲ್ಲಿ 10ಕೆ ಓಡಿ, ಹಾಫ್ ಅನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ.